ಮೊದಲು ಚಿತ್ರ, ಆಮೇಲೆ ಗೋಡೆ

ಸ್ಪೇನಿನ ಪಿರನೀಸ್ ಬೆಟ್ಟಗಳಲ್ಲಿ ನೊಗೇರಾ ದೆ ಟೋರ್ ಎಂಬ ಹೊಳೆ ಹರಿಯುತ್ತದೆ. ಆ ಕಣಿವೆಯ ಹೆಸರು ವಾಲ್ ದೆ ಬೋಯಿ. ಅಲ್ಲಿನ ಒಂಬತ್ತು ಹಳೇ ಚರ್ಚುಗಳು 2000ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ನಾನು ನೋಡಿದ್ದು ನಾಲ್ಕೇ.

ನೇರ ಕಣಿವೆಗೆ ಹೋಗಲಿಲ್ಲ. ಮೊದಲು ಬಾರ್ಸಿಲೋನಾದ ಕಲಾ ಮ್ಯೂಸಿಯಂಗೆ ಹೋದೆ. ಯಾಕಂದ್ರೆ ಆ ಚರ್ಚುಗಳ ಅಸಲಿ ಗೋಡೆಚಿತ್ರಗಳಲ್ಲಿ ಹೆಚ್ಚಿನವು ಇರುವುದು ಅಲ್ಲೇ. ನೂರು ವರ್ಷದ ಹಿಂದೆ ಇಂಥ ಚಿತ್ರಗಳನ್ನು ವ್ಯಾಪಾರಿಗಳು ಕಿತ್ತು ಹೊರದೇಶಕ್ಕೆ ಮಾರತೊಡಗಿದ್ದರು. ಅದಕ್ಕೇ 1919ರಿಂದ 1923ರ ನಡುವೆ ಇವನ್ನು ಗೋಡೆಯಿಂದ ಬಿಡಿಸಿ ಬಾರ್ಸಿಲೋನಾಕ್ಕೆ ತಂದರು. ಚಿತ್ರದ ಮೇಲೆ ಅಂಟು ಹಚ್ಚಿದ ಬಟ್ಟೆ ಹಾಕಿ, ಒಣಗಿದ ಮೇಲೆ ಬಣ್ಣದ ಪದರ ಸಮೇತ ಎಳೆದು ತೆಗೆಯುವುದು. ಓದಿದಾಗ ಮೈ ಜುಂ ಎಂದಿತು. ಹರಿದು ಹೋಗಿದ್ದರೆ?

ಕಣಿವೆಯಲ್ಲಿ ಕಾರನ್ನು ಬೋಯಿ ಊರಲ್ಲೇ ಬಿಟ್ಟು ನಡೆದೆ. ಎದುರು ದಂಡೆಯ ಎರಿಲ್ ಲಾ ವಾಲ್‌ನಲ್ಲಿ ಸಾಂತಾ ಎವುಲಾಲಿಯಾ ಚರ್ಚು. ಶಿಲುಬೆಯಿಂದ ಯೇಸುವನ್ನು ಇಳಿಸುವ ಏಳು ಮರದ ಮೂರ್ತಿಗಳು ಒಳಗಿವೆ. ಆದರೆ ಅವು ನಕಲು. ಅಸಲಿಯಲ್ಲಿ ಎರಡು ಬಾರ್ಸಿಲೋನಾದಲ್ಲಿ, ಐದು ವಿಕ್ ಊರಿನ ಮ್ಯೂಸಿಯಂನಲ್ಲಿ. ಒಂದೇ ಮನೆಯವರನ್ನು ಪಾಲು ಮಾಡಿದ ಹಾಗೆ!

ವಾಪಸ್ ಬೋಯಿಗೆ ಬರುವಷ್ಟರಲ್ಲಿ ಅಲ್ಲಿನ ಸಂತ್ ಜೋವಾನ್ ಚರ್ಚಿಗೆ ಬೀಗ. ಮಧ್ಯಾಹ್ನ ಊಟದ ಹೊತ್ತಿಗೆ ಮುಚ್ಚುತ್ತಾರೆ. ಕಟ್ಟೆ ಮೇಲೆ ಸುಮ್ನೆ ಕೂತೆ, ಬ್ರೆಡ್ಡು ಚೀಸು ತಿಂದೆ. ವೇಳೆ ಮೊದಲೇ ನೋಡಿಕೊಂಡು ಹೊರಡಿ. ಬಾಗಿಲು ತೆಗೆದ ಮೇಲೆ ಅದನ್ನು ಬೇಗ ನೋಡಿ ಮುಗಿಸಿ, ತಾವುಲ್ ಏರು ಹತ್ತಿದೆ.

ಆ ಪುಟ್ಟ ಊರಲ್ಲಿ ಎರಡು ದೊಡ್ಡ ಚರ್ಚು. ಸಂತ್ ಕ್ಲಿಮೆಂತ್ ಪ್ರತಿಷ್ಠೆ ಆಗಿದ್ದು 1123ರ ಡಿಸೆಂಬರ್ 10ಕ್ಕೆ, ಸಾಂತಾ ಮರಿಯಾದ್ದು ಮರುದಿನ. ಬಿಷಪ್ಪರೂ ಒಬ್ಬರೇ. ಆ ಚಳಿಯಲ್ಲಿ ಇನ್ನೊಂದು ಸಲ ಯಾರು ಹತ್ತುತ್ತಾರೆ, ಅಲ್ವಾ?

ಸಂತ್ ಕ್ಲಿಮೆಂತ್ ಬಾಗಿಲಲ್ಲಿ ಕೈ ತಾನಾಗಿ ಚಪ್ಪಲಿಯತ್ತ ಹೋಯಿತು. ಬಿಡಬೇಕಿಲ್ಲ ಅಂತ ನೆನಪಾಗಿ ನಕ್ಕೆ. ಒಳಗೆ ಕಲ್ಲು, ಕತ್ತಲು, ತಣ್ಣಗೆ. ಬಲಿಪೀಠದ ಹಿಂದಿನ ಗೋಡೆಗೆ ಪ್ರೊಜೆಕ್ಟರ್‌ನಿಂದ ಬೆಳಕು ಬಿಡುತ್ತಾರೆ. ಮೊದಲು ಗೆರೆ, ಆಮೇಲೆ ಬಣ್ಣ, ಕೊನೆಗೆ ನೀಲಿ ಹಿನ್ನೆಲೆಯಲ್ಲಿ ದೊಡ್ಡ ಕಣ್ಣಿನ ಕ್ರಿಸ್ತ. ಕೈಯಲ್ಲಿರುವ ಪುಸ್ತಕದಲ್ಲಿ ಲ್ಯಾಟಿನ್ ಅಕ್ಷರ: ನಾನೇ ಲೋಕದ ಬೆಳಕು. ಮ್ಯೂಸಿಯಂನಲ್ಲಿ ಇದೇ ಚಿತ್ರ ನೋಡಿ ಬಂದಿದ್ದೆ. ಅಲ್ಲಿ ಬಣ್ಣ ನೋಡಿದ್ದೆ. ಆ ಕಣ್ಣು ಬಾಗಿಲಿಂದ ಒಳಗೆ ಬಂದವರನ್ನೇ ನೋಡುತ್ತದೆ ಅಂತ ಗೊತ್ತಾಗಿದ್ದು ಇಲ್ಲಿ.

ಬೆಳಕು ಆರಿತು. ಬರೀ ಗೋಡೆ, ಅಲ್ಲಲ್ಲಿ ಉಳಿದ ಬಣ್ಣದ ಚೂರು. ಮುಂದಿನ ಪ್ರದರ್ಶನಕ್ಕೂ ಅಲ್ಲೇ ಕೂತೆ.