ಮೈಸೂರಿನ ಟೆರೇಸಿನಲ್ಲಿ ಬೆಂಗಳೂರಿನ ಬಲೂನು

ಬೆಂಗಳೂರಿನಲ್ಲಿ ಹವಾಮಾನ ಇಲಾಖೆಯವರು ಬೆಳಗಿನ ಜಾವ ಹಾರಿಸುವ ರೇಡಿಯೋಸಾಂಡ್‌ನ (ತಾಪಮಾನ ಅಳೆದು ರೇಡಿಯೋದಲ್ಲಿ ಕಳಿಸುವ, ಬಲೂನಿಗೆ ಕಟ್ಟಿದ ಪುಟ್ಟ ಡಬ್ಬಿ) ಸಿಗ್ನಲ್ ಮೈಸೂರಿನಲ್ಲಿ ಸಿಗಲ್ಲ ಅಂತ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರೆಲ್ಲ ತಲೆ ಅಲ್ಲಾಡಿಸಿದ್ದರು. ಸಿಗುತ್ತೆ. ಈಗ ವಾರಕ್ಕೆ ನಾಲ್ಕೈದು ದಿನ ಸಿಗ್ತಿದೆ. 130 ಕಿ.ಮೀ. ದೂರವೇನೋ ಹೌದು, ಆದರೆ ಬಲೂನು ಒಂದೆರಡು ಕಿ.ಮೀ. ಏರಿದರೆ ಸಾಕು, ಮಧ್ಯೆ ಅಡ್ಡ ಬರೋದು ಏನೂ ಇಲ್ಲ.

ದುಡ್ಡು ಕಳೆದದ್ದು ಕೇಬಲ್ಲಿನಲ್ಲಿ. ಕಂಪ್ಯೂಟರಿಗೆ ಚುಚ್ಚುವ ರೇಡಿಯೋ ರಿಸೀವರ್ ಡಾಂಗಲ್‌ಗೆ ಮೂರೂವರೆ ಸಾವಿರ ಆಯ್ತು, ಅದು ಸರಿ. ಆಂಟೆನಾದಿಂದ ಆರ್‌ಜಿ-58 ಅನ್ನೋ ತೆಳು ಕೇಬಲ್ ಮೂವತ್ತು ಮೀಟರ್ ಎಳೆದೆ, ಬಲೂನು ಮಾತಾಡುವ 400 ಮೆಗಾಹರ್ಟ್ಸ್‌ನಲ್ಲಿ ಸಿಗ್ನಲ್ಲನ್ನೆಲ್ಲ ಅದೇ ನುಂಗಿಬಿಟ್ಟಿತು. ಸಿಗ್ನಲ್ ಹೆಚ್ಚಿಸೋಕೆ ಪ್ರೀ-ಆಂಪ್ಲಿಫೈಯರ್ ಹಾಕಿದರೆ ಊರಿನ ಎಫ್‌ಎಂ ಎಲ್ಲವೂ ಒಳಗೆ ನುಗ್ಗಿತು. ಮಳೆಗಾಲದಲ್ಲಿ ಕನೆಕ್ಟರಿಗೆ ನೀರಿಳಿದು ಆ ಆಂಪ್ಲಿಫೈಯರೂ ಸತ್ತಿತು. ಒಟ್ಟು ಎಂಟು ಸಾವಿರ ನೀರಿಗೆ ಬಿತ್ತು. ಕೊನೆಗೆ ಗೆದ್ದದ್ದು ಟೀವಿಯ ಆರ್‌ಜಿ-6 ಕೇಬಲ್ ಮತ್ತು ಸುಮಾರು 18 ಸೆಂ.ಮೀ. ಹಿತ್ತಾಳೆ ಕಡ್ಡಿಯ ಗ್ರೌಂಡ್‌ಪ್ಲೇನ್ ಆಂಟೆನಾ (ಒಂದು ಕಡ್ಡಿ ನೆಟ್ಟಗೆ, ಉಳಿದವು ಬುಡದಲ್ಲಿ ಸುತ್ತಲೂ). ಎಫ್‌ಎಂ ತಡೆಯೋ ಫಿಲ್ಟರ್ ಎಲ್ಲಿ ಕೂರಿಸಿದ್ದೀನಿ ಅನ್ನೋದು ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ.

ಡಿಸೆಂಬರ್‌ನ ಒಂದು ಬೆಳಿಗ್ಗೆ ನೋಡಿದ್ದು ಇದು. ಬಲೂನು ಸೆಕೆಂಡಿಗೆ ಐದು ಮೀಟರ್ ಲೆಕ್ಕದಲ್ಲಿ ಏರುತ್ತಿತ್ತು. ತಾಪಮಾನ ಕಿಲೋಮೀಟರಿಗೆ ಆರೇಳು ಡಿಗ್ರಿ ಇಳಿಯುತ್ತಾ ಹೋಯ್ತು. 17 ಕಿ.ಮೀ. ಹತ್ತಿರ ಮೈನಸ್ 80ರ ಆಸುಪಾಸು ಬಂದು ನಿಂತಿತು. ಆಮೇಲೆ ಮೈನಸ್ 78, ಮೈನಸ್ 75, ಏರತೊಡಗಿತು! ವಾತಾವರಣದ ಕೆಳಗಿನ ಪದರ ಟ್ರೋಪೋಸ್ಫಿಯರ್ ಮುಗಿದು, ಅದರ ಮೇಲಿನ ಸ್ಟ್ರಾಟೋಸ್ಫಿಯರ್ ಶುರುವಾಗಿದ್ದನ್ನು ನನ್ನದೇ ಪರದೆಯಲ್ಲಿ ಕಂಡೆ.

ಗೆಳೆಯರೊಬ್ಬರು 'ಬಿಸಿಲಿಗೆ ಸೆನ್ಸರ್ ಕಾದಿರುತ್ತೆ' ಅಂದರು. ಫ್ರಾನ್ಸ್‌ನ ಹವಾಮಾನ ವಿಜ್ಞಾನಿ ಟೆಸರಾಂಕ್ ದ ಬೋರ್‌ಗೂ ಇದೇ ಅನುಮಾನ ಕಾಡಿತ್ತು. ಅದಕ್ಕೇ ಅವರು ರಾತ್ರಿಯಲ್ಲೂ ಬಲೂನು ಹಾರಿಸಿ ನೋಡಿ, ಇನ್ನೂರಕ್ಕೂ ಜಾಸ್ತಿ ಬಲೂನು ಕಳಿಸಿದ ಮೇಲೇ 1902ರಲ್ಲಿ ಈ ಪದರವನ್ನು ಜಗತ್ತಿಗೆ ಹೇಳಿದ್ದು. ಅವರ ಕಡೆ ಅದು 11 ಕಿ.ಮೀ.ಗೇ ಶುರು. ನಮ್ಮ ಬಲೂನು 17 ಕಿ.ಮೀ. ಮುಟ್ಟಿದ್ದು ಆರು ಗಂಟೆ ಸುಮಾರಿಗೆ, ಕತ್ತಲಲ್ಲೇ. ಸೂರ್ಯ ಇನ್ನೂ ಆ ಎತ್ತರಕ್ಕೂ ಕಂಡಿರಲಿಲ್ಲ. ಬಿಸಿಲೆಲ್ಲಿಂದ ಬರಬೇಕು, ಅಲ್ವಾ? ಅಲ್ಲಿಂದ ಮೇಲೆ ಬಿಸಿಯಾಗೋದು ಓಝೋನ್ ಹಗಲಲ್ಲಿ ಸೂರ್ಯನ ಅತಿನೇರಳೆ ಕಿರಣ ಹೀರೋದರಿಂದ.

ಸುಮ್ನೆ ಇರಲಾರದೆ ಇನ್‌ಫ್ರಾರೆಡ್ ಥರ್ಮಾಮೀಟರನ್ನೂ ರಾತ್ರಿ ಆಕಾಶಕ್ಕೆ ಹಿಡಿದೆ. ಫೆಬ್ರವರಿಯ ಒಣ ಹವೆಯಲ್ಲಿ ಸೊನ್ನೆಗಿಂತ ಬಹಳ ಕೆಳಗೆ ತೋರಿಸಿತು, ಮೋಡ ಬಂದ ತಕ್ಷಣ ಮೇಲಕ್ಕೆ ಜಿಗಿಯಿತು. ಕೆಳಗಿನ ಗಾಳಿಯಲ್ಲಿ ನೀರಾವಿ ಎಷ್ಟಿದೆ ಅಂತ ಅಂದಾಜಿಸೋಕೆ ಇಷ್ಟು ಸಾಕು.

ಬಲೂನು 30 ಕಿ.ಮೀ. ಹತ್ತಿರ ಒಡೆಯುತ್ತೆ. ಅದಕ್ಕೂ ಬಹಳ ಮೇಲಿನ ಪದರ ಮೆಸೋಸ್ಫಿಯರ್ ಅಳೆಯೋದು ಆಂಧ್ರದ ಗಾದಂಕಿಯ ರಾಡಾರ್, ಕೇರಳದ ತುಂಬಾ ಕೇಂದ್ರದ ರಾಕೆಟ್‌ಗಳ ಕೆಲಸ. ನಾನೀಗ ಚೆನ್ನೈ ಬಲೂನಿನ ಹಿಂದೆ ಬಿದ್ದಿದ್ದೀನಿ. ಅದು 30 ಕಿ.ಮೀ. ಎತ್ತರಕ್ಕೆ ಬಂದಾಗ ಲೆಕ್ಕದ ಪ್ರಕಾರ 700 ಕಿ.ಮೀ.ವರೆಗೂ ಕೇಳಬೇಕು. ಒಂದೇ ದಿಕ್ಕಿಗೆ ಕಿವಿಗೊಡೋ ಯಾಗಿ ಆಂಟೆನಾಗೆ ಅಲ್ಯುಮಿನಿಯಂ ಪೈಪ್ ತಂದಾಗಿದೆ.