ಹೊಸ ಲ್ಯಾಪ್‌ಟಾಪ್‌ನಲ್ಲಿ ಹಳೆಯ ಫೈಲು ತೆರೆಯಬೇಕಾದರೆ

ಮುಂಬೈ ಬಳಿಯ ಡೊಂಬಿವಲಿಯಲ್ಲಿ ನಾವು ಹತ್ತಾರು ಮನೆಯವರು ಸೇರಿ ನಡೆಸುವ ಚಿಕ್ಕ ಕನ್ನಡ ಬಳಗವೊಂದಿದೆ. ಹೋದ ವರ್ಷ ಬಳಗಕ್ಕೆ ಹೊಸ ಲ್ಯಾಪ್‌ಟಾಪ್ ಬಂತು. ಪೆಟ್ಟಿಗೆ ಬಿಚ್ಚಿದ ಸಂಜೆಯೇ ಕಾರ್ಯದರ್ಶಿಯವರ ಫೋನು. "ಅಕ್ಕಾ, ಹಳೆಯ ಸ್ಮರಣ ಸಂಚಿಕೆ ತೆಗೆದರೆ ಕನ್ನಡ ಒಂದಕ್ಷರವೂ ಕಾಣುತ್ತಿಲ್ಲ. ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆ ಚುಕ್ಕೆ, ಕೊಕ್ಕೆ. ಫೈಲೇ ಹಾಳಾಯ್ತೇನೋ" ಅಂದರು. ಫೈಲು ಹಾಳಾಗಿರಲಿಲ್ಲ. ಹಳೆಯ ಕಂಪ್ಯೂಟರನ್ನು ಎಕ್ಸ್‌ಚೇಂಜ್‌ಗೆ ಕೊಟ್ಟಾಗಿತ್ತು, ಅದರಲ್ಲಿದ್ದ, ಕನ್ನಡ ಅಕ್ಷರ ತೋರಿಸುವ ನುಡಿ ಫಾಂಟು ಅದರ ಜೊತೆಗೇ ಹೋಗಿತ್ತು.

ಆಫೀಸ್ ತಂತ್ರಾಂಶ ಲ್ಯಾಪ್‌ಟಾಪ್‌ಗೆ ಹೊಂದುವುದು ಸುಲಭ, ಇಂದಿನ ಯಂತ್ರಗಳಲ್ಲಿ ಬಹುತೇಕ ಎಲ್ಲವೂ ಓಡುತ್ತವೆ. ವರ್ಷಗಟ್ಟಲೆ ಬರೆದಿಟ್ಟ ಫೈಲಿಗೂ, ಅದನ್ನು ಆ ಕಡೆ ತೆರೆಯುವ ಸಿಎ, ಕಾಲೇಜು, ಸೊಸೈಟಿ ಆಫೀಸಿನವರಿಗೂ ಅದು ಹೊಂದಬೇಕು. ಜನ ಎಡವುವುದು ಅಲ್ಲಿ. ಅದಕ್ಕೇ ಆಫೀಸ್ ತಂತ್ರಾಂಶ ಆರಿಸಿ ಹಾಕುವ ಈ ಕೆಲಸವನ್ನು ಅಂಗಡಿಗೆ ಹೋಗುವ ಮೊದಲೇ ಶುರು ಮಾಡಬೇಕು.

ಮೊದಲು ಒಂದು ಪೆನ್‌ಡ್ರೈವ್

ಹಳೆಯ ಕಂಪ್ಯೂಟರಿನಿಂದ ಅತಿ ತೊಡಕಿನ ಹತ್ತು ಫೈಲುಗಳನ್ನು ಆರಿಸಿ ಪೆನ್‌ಡ್ರೈವ್‌ಗೆ ಹಾಕಿ. ಸುಲಭದ ಪತ್ರಗಳು ಎಲ್ಲಿ ಬೇಕಾದರೂ ತೆರೆಯುತ್ತವೆ, ಅವು ಬೇಡ. ಕೋಷ್ಟಕ ತುಂಬಿದ ಅರ್ಜಿ, ಜಿಎಸ್‌ಟಿ ಬಿಲ್ಲಿನ ನಮೂನೆ, ಪಾಸ್‌ವರ್ಡ್ ಹಾಕಿದ ಸಂಬಳದ ಶೀಟು, ಗುಂಡಿ ಒತ್ತಿದರೆ ತಾನೇ ಲೆಕ್ಕ ಮಾಡುವ ಎಕ್ಸೆಲ್, ಚಿತ್ರಗಳಿರುವ ಪಿಪಿಟಿ, ಹತ್ತು ವರ್ಷ ಹಿಂದಿನ ಕನ್ನಡ ಪತ್ರ, ಮರಾಠಿಯಲ್ಲಿರುವ ಸೊಸೈಟಿಯ ನಡಾವಳಿ, ಇಂಥವು ಇರಲಿ. ಜೊತೆಗೆ ಹಳೆಯ ಯಂತ್ರದ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಿಂದ Nudi (ನುಡಿ), BRH (ಬರಹ), SHREE (ಶ್ರೀಲಿಪಿ) ಎಂದು ಹೆಸರು ಶುರುವಾಗುವ ಹಳೆಯ ಫಾಂಟುಗಳನ್ನೂ ನಕಲು ಮಾಡಿಕೊಳ್ಳಿ. ಐದು ನಿಮಿಷದ ಕೆಲಸ. ನಾವು ಅದನ್ನು ಮಾಡದೆ ಎರಡು ವಾರ ಪರದಾಡಿದೆವು.

ಪೆಟ್ಟಿಗೆಯ ಮೇಲೆ ಏನಿದೆ?

ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಪೆಟ್ಟಿಗೆಯ ಮೇಲಿನ ಚೀಟಿ ಓದಿ. 'ಆಫೀಸ್ ಹೋಮ್ ಆ್ಯಂಡ್ ಸ್ಟೂಡೆಂಟ್ 2021' ಅಥವಾ 'ಆಫೀಸ್ ಹೋಮ್ 2024' ಎಂದಿದ್ದರೆ ಅದರ ಬೆಲೆ ಲ್ಯಾಪ್‌ಟಾಪಿನಲ್ಲೇ ಸೇರಿದೆ, ಆ ಯಂತ್ರ ಇರುವವರೆಗೂ ಬಳಸಬಹುದು. 'ಮೈಕ್ರೋಸಾಫ್ಟ್ 365' ಎಂದಿದ್ದರೆ ಅದು ಚಂದಾ. ಅವಧಿ ಮುಗಿದರೆ ಫೈಲು ಓದಬಹುದು, ತಿದ್ದಲಾಗದು. ಈ ಎರಡರ ವ್ಯತ್ಯಾಸ ಗೊತ್ತಿಲ್ಲದೆ, ಇದ್ದದ್ದನ್ನು ಬಿಟ್ಟು ಮತ್ತೆ ದುಡ್ಡು ಕೊಟ್ಟವರನ್ನು ನಾನು ನೋಡಿದ್ದೇನೆ.

ಜೊತೆಗೆ ಬಂದ ಆಫೀಸನ್ನು ನಿಮ್ಮದೇ ಇಮೇಲ್ ಖಾತೆಗೆ ಜೋಡಿಸಿಕೊಳ್ಳಬೇಕು. ವಿಂಡೋಸ್ ಚಾಲೂ ಮಾಡಿದ 180 ದಿನಗಳೊಳಗೆ ಇದು ಆಗಬೇಕು. ಅಂಗಡಿಯ ಹುಡುಗ "ನಾನೇ ಮಾಡಿಕೊಡ್ತೀನಿ" ಎಂದು ತನ್ನ ಇಮೇಲ್ ಹಾಕಿದರೆ ಪರವಾನಗಿ ಆ ಖಾತೆಗೆ ಅಂಟಿಕೊಳ್ಳುತ್ತದೆ. ನನ್ನ ತಂಗಿಯ ಮಗಳ ಲ್ಯಾಪ್‌ಟಾಪಿಗೆ ಹೀಗೇ ಆಯಿತು. ವರ್ಷದ ಮೇಲೆ ಫಾರ್ಮ್ಯಾಟ್ ಮಾಡಿಸಿದಾಗ ಆಫೀಸು ಯಾರದೋ ಪಾಸ್‌ವರ್ಡ್ ಕೇಳಿತು, ಆ ಹುಡುಗ ಕೆಲಸ ಬಿಟ್ಟು ಹೋಗಿದ್ದ. ಅಂಗಡಿಯಲ್ಲೇ ಕೂತು ಸ್ವಂತ ಖಾತೆ ಹಾಕಿ, ಅದರ ಪಾಸ್‌ವರ್ಡನ್ನು ಮನೆಯ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇನ್ನೊಂದು ಮಾತು: ಹೋಮ್ ಆ್ಯಂಡ್ ಸ್ಟೂಡೆಂಟ್ ಪರವಾನಗಿ ಮನೆ ಮತ್ತು ಓದಿಗೆ ಮಾತ್ರ. ಹೋಟೆಲಿನ ಗಲ್ಲಾ ಲೆಕ್ಕಕ್ಕೆ, ಅಂಗಡಿ ವ್ಯವಹಾರಕ್ಕೆ ಅದು ಸಲ್ಲದು.

ಪ್ರೊಸೆಸರ್ ಯಾವುದೆಂದೂ ನೋಡಿಕೊಳ್ಳಿ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ಗೆ ಹೋದರೆ ಎಕ್ಸ್64 ಅಥವಾ ಆರ್ಮ್ ಎಂದು ತೋರಿಸುತ್ತದೆ. ಸ್ನಾಪ್‌ಡ್ರ್ಯಾಗನ್ ಚಿಪ್ಪಿನ ಲ್ಯಾಪ್‌ಟಾಪ್‌ಗಳು ಆರ್ಮ್ ಜಾತಿಯವು. ಆಫೀಸ್ ತಂತ್ರಾಂಶಗಳು ಅವುಗಳಲ್ಲಿ ಓಡುತ್ತವೆ. ಆದರೆ ಹಳೆಯ ಪ್ರಿಂಟರಿಗೆ ಡ್ರೈವರ್ ಸಿಗದೆ ಹೋಗಬಹುದು, ಕೊಳ್ಳುವ ಮೊದಲೇ ವಿಚಾರಿಸಿ. ವಿಂಡೋಸ್ ಹೆಸರಿನ ಜೊತೆ ಎಸ್ ಮೋಡ್ ಎಂದಿದ್ದರೆ ಮೈಕ್ರೋಸಾಫ್ಟ್ ಸ್ಟೋರಿನ ಹೊರಗಿನದೇನೂ ಇನ್‌ಸ್ಟಾಲ್ ಆಗದು. ಸ್ಟೋರಿನಿಂದಲೇ ಉಚಿತವಾಗಿ ಅದರಿಂದ ಹೊರಬರಬಹುದು, ಹೊರಬಂದರೆ ಮತ್ತೆ ಒಳಹೋಗಲಾಗದು.

ಯಾವುದನ್ನು ಆರಿಸುವುದು?

ನಿಮ್ಮ ಎಕ್ಸೆಲ್ ಫೈಲಿನಲ್ಲಿ ಮ್ಯಾಕ್ರೋ (ಗುಂಡಿ ಒತ್ತಿದರೆ ತಾನೇ ಕೆಲಸ ಮಾಡುವ ಆದೇಶಗಳು) ಇದ್ದು, ಅದು ತಿಂಗಳಿಗೊಮ್ಮೆ ಸಿಎ ಕಡೆ ಹೋಗಿ ಬರುತ್ತಿದ್ದರೆ ಮೈಕ್ರೋಸಾಫ್ಟ್ ಆಫೀಸನ್ನೇ ಕೊಳ್ಳಿ. ಆ ಮ್ಯಾಕ್ರೋಗಳು ಬೇರೆ ಕಡೆ ಪೂರ್ತಿ ನಡೆಯುವುದಿಲ್ಲ, ಅಲ್ಲಿ ದುಡ್ಡು ಉಳಿಸಲು ಹೋದರೆ ಸಮಯ ಹೋಗುತ್ತದೆ. ವಿದ್ಯಾರ್ಥಿಗಳಿದ್ದರೆ ಮೊದಲು ಕಾಲೇಜಿನಲ್ಲಿ ಕೇಳಿ, ಕಾಲೇಜಿನ ಇಮೇಲ್ ಜೊತೆ ಆಫೀಸ್ ಉಚಿತವಾಗಿ ಸಿಗುವುದುಂಟು.

ಉಳಿದವರಿಗೆ, ಅಂದರೆ ಸಂಘ, ಮನೆ, ಚಿಕ್ಕ ಅಂಗಡಿ, ಹೋಟೆಲಿನ ದಿನದ ಲೆಕ್ಕಕ್ಕೆ ನಾನು ಹೇಳುವುದು ಲಿಬ್ರೆಆಫೀಸ್. 2010ರಲ್ಲಿ ಹಳೆಯ ಉಚಿತ ತಂತ್ರಾಂಶವಾದ ಓಪನ್‌ಆಫೀಸ್‌ನಿಂದ ಕವಲೊಡೆದ ಇದನ್ನು ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ನೋಡಿಕೊಳ್ಳುತ್ತಿದೆ. ಉಚಿತ, ವ್ಯವಹಾರಕ್ಕೂ ಬಳಸಬಹುದು, ಮೆನುವನ್ನೂ ಕನ್ನಡಕ್ಕೆ ಬದಲಿಸಬಹುದು. ಹೆಸರಿನ ಗೊಂದಲದಲ್ಲಿ ಓಪನ್‌ಆಫೀಸ್ ಇಳಿಸಿಕೊಳ್ಳಬೇಡಿ. ವರ್ಡ್‌ನಲ್ಲಿ 2007ರಿಂದ ಬಳಕೆಯಲ್ಲಿರುವ ಡಾಕ್ಸ್ (.docx) ಫೈಲನ್ನು ಅದು ತೆರೆಯುತ್ತದೆ, ಆದರೆ ಡಾಕ್ಸ್ ಆಗಿ ಉಳಿಸಲಾರದು. ವರ್ಡ್‌ನ ರೂಪವೇ ಬೇಕೆನ್ನುವವರಿಗೆ ಓನ್ಲಿಆಫೀಸ್ ಇದೆ. ನಾಲ್ಕು ಜನ ಒಂದೇ ಪಟ್ಟಿಯನ್ನು ಏಕಕಾಲಕ್ಕೆ ತುಂಬುವುದಿದ್ದರೆ ಗೂಗಲ್ ಡಾಕ್ಸ್ ಸಾಕು.

"ಐನೂರು ರೂಪಾಯಿಗೆ ಫುಲ್ ಆಫೀಸ್ ಹಾಕಿಕೊಡ್ತೇವೆ" ಎನ್ನುವವರು ಸ್ಟೇಷನ್ ಬಳಿ ಸಿಗುತ್ತಾರೆ. ಹಾಗೆ ಹಾಕುವಾಗ ಮೊದಲು ಆ್ಯಂಟಿವೈರಸ್ ಆಫ್ ಮಾಡಿಸುತ್ತಾರೆ. ಬ್ಯಾಂಕ್ ವ್ಯವಹಾರ ಮಾಡುವ ಯಂತ್ರದ ಬಾಗಿಲನ್ನು ಅಪರಿಚಿತರಿಗೆ ತೆರೆದುಕೊಟ್ಟಂತೆ ಅದು. ಉಚಿತವಾದದ್ದೇ ಚೆನ್ನಾಗಿರುವಾಗ ಆ ಅಪಾಯ ಬೇಡ.

ಹಾಕುವ ಕ್ರಮ

ಮೊದಲು ವಿಂಡೋಸ್ ಅಪ್‌ಡೇಟ್ ಪೂರ್ತಿ ಮುಗಿಸಿ. ಬೇಡದ ಟ್ರಯಲ್ ಆಫೀಸ್ ಇದ್ದರೆ ಸೆಟ್ಟಿಂಗ್ಸ್‌ನ ಆ್ಯಪ್ಸ್‌ನಲ್ಲಿ ಅದನ್ನು ತೆಗೆದು ರೀಸ್ಟಾರ್ಟ್ ಮಾಡಿ. ಬ್ರೌಸರಿನ ಮೇಲ್ಪಟ್ಟಿಯಲ್ಲಿ ಲಿಬ್ರೆಆಫೀಸ್ ಡಾಟ್ ಆರ್ಗ್ (libreoffice.org) ಎಂದು ನೇರವಾಗಿ ಟೈಪ್ ಮಾಡಿ. ಹುಡುಕಲು ಹೋದರೆ ಅದೇ ಹೆಸರಿನ ಜಾಹೀರಾತು ತಾಣಗಳು ಮೊದಲು ಎದುರಾಗಬಹುದು. ನಿಮ್ಮ ಪ್ರೊಸೆಸರಿಗೆ ತಕ್ಕ ಕಡತ ಇಳಿಸಿ. ಇನ್‌ಸ್ಟಾಲ್ ಮಾಡುವಾಗ 'ಕಸ್ಟಮ್' ಆರಿಸಿದರೆ ಭಾಷೆಗಳ ಪಟ್ಟಿ ಬರುತ್ತದೆ, ಕನ್ನಡವನ್ನೂ ಸೇರಿಸಿಕೊಳ್ಳಿ.

ತೆರೆದ ಕೂಡಲೇ ಎರಡು ಬದಲಾವಣೆ. ಟೂಲ್ಸ್, ಆಪ್ಷನ್ಸ್, ಲೋಡ್/ಸೇವ್, ಜನರಲ್‌ಗೆ ಹೋಗಿ, ಬರೆದದ್ದು ಯಾವಾಗಲೂ ವರ್ಡ್ ಮಾದರಿಯಲ್ಲಿ ಉಳಿಯುವಂತೆ ಮಾಡಿ, ಶೀಟಿಗೆ ಎಕ್ಸೆಲ್ ಮಾದರಿ ಇಡಿ. ಇಲ್ಲವಾದರೆ ಓಡಿಟಿ ಎಂಬ ರೂಪದಲ್ಲಿ ಉಳಿದು, ಪಡೆದವರು "ತೆರೆಯುತ್ತಿಲ್ಲ" ಎಂದು ಫೋನು ಮಾಡಬಹುದು. ಎರಡನೆಯದು, ಭಾಷೆಯ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬಲ್ಲಿ ಗುರುತು ಹಾಕಿ ಕನ್ನಡ ಆರಿಸಿ. ವಿಂಡೋಸ್‌ನ ರೀಜನ್ 'ಇಂಡಿಯಾ' ಆಗಿದೆಯೇ ಎಂದೂ ನೋಡಿ. ಅಮೆರಿಕದ್ದಾಗಿದ್ದರೆ ನೀವು 5/6 ಎಂದು ಬರೆದ ಜೂನ್ 5 ಶೀಟಿನಲ್ಲಿ ಮೇ 6 ಆಗಿ ಕೂರುತ್ತದೆ, ವರ್ಷದ ಕೊನೆಯವರೆಗೂ ಗೊತ್ತೇ ಆಗದು.

ಕನ್ನಡ ಟೈಪಿಂಗಿಗೆ ಬೇರೇನೂ ಕೊಳ್ಳಬೇಕಿಲ್ಲ. ಸೆಟ್ಟಿಂಗ್ಸ್‌ನ ಭಾಷೆಯಲ್ಲಿ ಕನ್ನಡ ಸೇರಿಸಿದರೆ ಕೀಬೋರ್ಡ್ ಬರುತ್ತದೆ. ವಿಂಡೋಸ್ ಕೀಲಿಯೊಂದಿಗೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ನುಡಿಯಲ್ಲಿದ್ದ ಕನ್ನಡ

ಇನ್ನು ಆ ಚುಕ್ಕೆ-ಕೊಕ್ಕೆಯ ವಿಷಯ. ಹಳೆಯ ನುಡಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿರುತ್ತಿದ್ದರು. ಫಾಂಟು ಇದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ಒಳಗಿರುವ ಇಂಗ್ಲಿಷ್ ಚಿಹ್ನೆಗಳೇ ಹೊರಗೆ ಬೀಳುತ್ತವೆ. ಯೂನಿಕೋಡ್ ಎಂಬ, ಎಲ್ಲ ಕಡೆ ಒಂದೇ ಆಗಿರುವ ಅಕ್ಷರ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆಯಿದೆ, ಯಾವ ಫಾಂಟ್ ಹಾಕಿದರೂ 'ಕ' ಎಂಬುದು 'ಕ'ವೇ. ಶ್ರೀಲಿಪಿಯಲ್ಲಿ ಟೈಪಾದ ಸೊಸೈಟಿಯ ಹಳೆಯ ಮರಾಠಿ ಕಾಗದಗಳಿಗೂ ಇದೇ ಕಥೆ.

ಹಾಗಾಗಿ ಮೊದಲು ಪೆನ್‌ಡ್ರೈವಿನ ಫಾಂಟಿನ ಮೇಲೆ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ. ಫೈಲು ಕನ್ನಡದಲ್ಲಿ ಕಂಡರೆ ಅರ್ಧ ಗೆದ್ದಂತೆ. ಆಮೇಲೆ ಮೂಲವನ್ನು ಮುಟ್ಟದೆ, ನಕಲೊಂದನ್ನು ಮಾಡಿ ಯೂನಿಕೋಡಿಗೆ ಬದಲಿಸಿ. ಇದಕ್ಕೆ ಪರಿವರ್ತಕಗಳಿವೆ. ಶ್ರೀಲಿಪಿಯ ಸಂಕೇತಕ್ರಮ ಬೇರೆ, ಅದಕ್ಕೆ ಬೇರೆ ಪರಿವರ್ತಕವೇ ಬೇಕು. ಇಡೀ ಪುಟವನ್ನು ಒಟ್ಟಿಗೆ ಸುರಿಯಬೇಡಿ. ಮಧ್ಯೆ ನಿಜವಾದ ಇಂಗ್ಲಿಷ್ ಹೆಸರು, ಇಮೇಲ್ ಇದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಕನ್ನಡದ ಭಾಗವನ್ನಷ್ಟೇ ಆಯ್ದು ಬದಲಿಸಿ, ಕೋಷ್ಟಕಗಳನ್ನು ಕೊನೆಗೆ ಇಟ್ಟುಕೊಳ್ಳಿ. ಅರ್ಕಾವತ್ತು ಮತ್ತು ಒತ್ತಕ್ಷರ ತಪ್ಪುವ ಜಾಗ. ಜನರ ಹೆಸರುಗಳನ್ನು ಒಂದೊಂದಾಗಿ ಓದಿ. ನಮ್ಮ ಸಂಚಿಕೆಯನ್ನು ನಿವೃತ್ತ ಶಿಕ್ಷಕಿಯೊಬ್ಬರು ಮೂರು ಭಾನುವಾರ ಕೂತು ತಿದ್ದಿದರು. ಅವರು ಓದದಿದ್ದರೆ ತೀರಿಕೊಂಡ ಹಿರಿಯರಿಬ್ಬರ ಹೆಸರು ತಪ್ಪಾಗಿಯೇ ಉಳಿಯುತ್ತಿತ್ತು.

ಕಳಿಸಿ ನೋಡಿ

ಈಗ ಆ ಹತ್ತು ಫೈಲು ತೆರೆಯಿರಿ. ಸಾಲು ಮುಂದಿನ ಪುಟಕ್ಕೆ ಜಾರಿದ್ದರೆ ಕಾರಣ ಹೆಚ್ಚಾಗಿ ಫಾಂಟು. ಕ್ಯಾಲಿಬ್ರಿ ಫಾಂಟು ಇಲ್ಲದ ಕಡೆ ಲಿಬ್ರೆಆಫೀಸ್ ಅಷ್ಟೇ ಅಗಲದ ಕಾರ್ಲಿಟೊ ಬಳಸುತ್ತದೆ, ಹಾಗಾಗಿ ಪುಟ ಕೆಡುವುದಿಲ್ಲ. ಎಲ್ಲ ಫಾಂಟಿಗೂ ಈ ಅನುಕೂಲ ಇರುವುದಿಲ್ಲ. ಶೀಟಿನ ಮೊತ್ತಗಳನ್ನು ಹಳೆಯ ಪ್ರಿಂಟಿನ ಜೊತೆ ತಾಳೆ ನೋಡಿ. ಎಕ್ಸ್‌ಲುಕಪ್ ಸೂತ್ರ ಬಳಸುವವರು ಲಿಬ್ರೆಆಫೀಸ್ 24.8 ಅಥವಾ ನಂತರದ್ದನ್ನೇ ಹಾಕಿಕೊಳ್ಳಿ, ಅದಕ್ಕಿಂತ ಹಳೆಯದರಲ್ಲಿ ಅದಿಲ್ಲ.

ಒಂದೆರಡನ್ನು ತಿದ್ದಿ ಉಳಿಸಿ, ನಿಜವಾಗಿ ಪಡೆಯುವವರಿಗೇ ಕಳಿಸಿ. ಅವರ ಪರದೆಯ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳಿ. "ಸರಿ ಇದೆ" ಎಂಬ ಮಾತನ್ನು ನಂಬಿ ನಾನು ಒಮ್ಮೆ ಅರ್ಧ ಕತ್ತರಿಸಿದ ಬಿಲ್ಲು ಕಳಿಸಿದ್ದೆ. ತಿದ್ದಬೇಕಿಲ್ಲದ್ದನ್ನು ಪಿಡಿಎಫ್ ಮಾಡಿಯೇ ಕಳಿಸಿ, ಫಾಂಟು ಅದರೊಳಗೇ ಹೋಗುತ್ತದೆ.

ಹಳೆಯ ಕಂಪ್ಯೂಟರು ಒಂದು ತಿಂಗಳ ಕೊನೆಯ ಲೆಕ್ಕ ಹೊಸದರಲ್ಲಿ ಸರಿಯಾಗಿ ಮುಗಿಯುವವರೆಗೆ ಮನೆಯಲ್ಲೇ ಇರಲಿ. ಎಕ್ಸ್‌ಚೇಂಜ್‌ನ ರಿಯಾಯಿತಿ ಕೈ ತಪ್ಪಿದರೂ ಪರವಾಗಿಲ್ಲ.