ಐರಿಶ್ ವಿಸ್ಕಿಯಲ್ಲಿ ಹುರಿಹಿಟ್ಟಿನ ವಾಸನೆ

ಡಬ್ಲಿನ್‌ಗೆ ಬಂದ ಮೊದಲ ವರ್ಷ ನನಗೆ ಐರಿಶ್ ವಿಸ್ಕಿ ಅಂದರೆ ಜೇಮ್ಸನ್, ಅಷ್ಟೇ. ಅದಕ್ಕೂ ಮೊದಲಿನ ನನ್ನ ವಿಸ್ಕಿ ಜ್ಞಾನವೆಲ್ಲ ಬೆಂಗಳೂರಿನ ನೈಂಟಿ ಲೆಕ್ಕದ್ದು. ಮೇಲೆ ಸೋಡಾ ಸುರಿದು, ಪಕ್ಕದಲ್ಲಿ ಕಾಂಗ್ರೆಸ್ ಕಡಲೆಬೀಜ ಇಟ್ಟುಕೊಂಡು, ಆದಷ್ಟು ಬೇಗ ಗಂಟಲು ದಾಟಿಸಿಬಿಡುವುದು. ಇದನ್ನು ರುಚಿ ನೋಡ್ತಾರೆ ಅಂತ ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ನಮ್ಮಲ್ಲಿ ಅಗ್ಗದ ವಿಸ್ಕಿ ಅಂತ ಮಾರುವುದರಲ್ಲಿ ಬಹುಪಾಲು ಕಾಕಂಬಿಯಿಂದ ತೆಗೆದ ಸ್ಪಿರಿಟ್ಟು, ಅದರಲ್ಲಿ ಹುಡುಕೋಕೆ ರುಚಿಯಾದರೂ ಎಲ್ಲಿಂದ ಬರಬೇಕು?

ಶುರುವಾಗಿದ್ದು ಒಂದು ಪಬ್‌ನಲ್ಲಿ. ಪ್ರವಾಸಿಗರೇ ತುಂಬಿದ ಜಾಗ, ಹೆಸರು ಬೇಡ. ಅಲ್ಲಿ ಸುರಿಯುವವನು ಬಹಳ ಗತ್ತಿನಿಂದ, ಐರಿಶ್ ವಿಸ್ಕಿ ಎಲ್ಲವನ್ನೂ ಮೂರು ಸಲ ಬಟ್ಟಿ ಇಳಿಸ್ತಾರೆ, ಯಾವುದರಲ್ಲೂ ಹೊಗೆ ವಾಸನೆ ಇರಲ್ಲ, ಅದೇ ಸ್ಕಾಚ್‌ಗೂ ನಮಗೂ ವ್ಯತ್ಯಾಸ ಅಂದ. ನಾನು ತಲೆಯಾಡಿಸಿದೆ. ಇಲ್ಲಿ ಪಬ್‌ನ ಒಂದು ಅಳತೆ ಅಂದರೆ 35.5 ಮಿಲಿ, ನಮ್ಮ ಪೆಗ್ಗಿಗಿಂತ ಐದೂವರೆ ಮಿಲಿ ಜಾಸ್ತಿ, ಹಾಗಾಗಿ ತಲೆಯಾಡಿಸೋದು ಸ್ವಲ್ಪ ಸುಲಭವೇ. ಆಮೇಲೆ ಗೊತ್ತಾಯ್ತು, ಎರಡು ಮಾತೂ ಸುಳ್ಳು ಅಂತ. ಲೌತ್ ಕೌಂಟಿಯ ಕೂಲಿ ಡಿಸ್ಟಿಲರಿಯವರು ಎರಡೇ ಸಲ ಇಳಿಸ್ತಾರೆ. ಅವರದ್ದೇ ಕನೆಮಾರಾ ಅನ್ನೋ ವಿಸ್ಕಿ ಪೀಟ್ ಅನ್ನೋ ಜೌಗು ನೆಲದ ಒಣಗಿಸಿದ ಮಣ್ಣು ಉರಿಸಿ, ಆ ಹೊಗೆಯಲ್ಲಿ ಒಣಗಿಸಿದ ಬಾರ್ಲಿಯದ್ದು, ಮುಚ್ಚಳ ತೆಗೆದರೆ ಸಾಕು, ಮಲೆನಾಡಿನ ಬಚ್ಚಲ ಒಲೆ ನೆನಪಾಗುತ್ತದೆ. ಮಳೆಗಾಲದಲ್ಲಿ ಹಸಿ ಸೌದೆ ತುರುಕಿ ಊದುತ್ತೀವಲ್ಲ, ಆ ಹೊಗೆ, ಜೊತೆಗೆ ಒಂದು ಹನಿ ಡೆಟಾಲ್.

ಸರಿ, ಯಾರ ಮಾತೂ ಬೇಡ, ಮನೆಯಲ್ಲೇ ನೋಡೋಣ ಅಂತ ನಾಲ್ಕು ಬಾಟಲಿ ತಂದೆ. ಒಂದೇ ಸಲ ಅಲ್ಲ, ನಾಲ್ಕು ಸಂಬಳಗಳಲ್ಲಿ. ಜೇಮ್ಸನ್, ಪವರ್ಸ್, ಗ್ರೀನ್ ಸ್ಪಾಟ್, ರೆಡ್‌ಬ್ರೆಸ್ಟ್ 12. ನಾಲ್ಕು ಬಣ್ಣದ ಲೇಬಲ್, ನಾಲ್ಕು ಹಳೇ ಮನೆತನದ ಕಥೆಗಳು. ಸಾಲಾಗಿ ಇಟ್ಟು ಫೋಟೋ ತೆಗೆದು ಗೆಳೆಯರಿಗೆ ಕಳಿಸಿದ್ದೂ ಆಯ್ತು. ಒಬ್ಬ ವಾಪಸ್ ಬರೆದ: "ನಾಲ್ಕೂ ಒಂದೇ ಫ್ಯಾಕ್ಟರಿದು ಕಣೋ."

ನಿಜ. ನಾಲ್ಕೂ ಕಾರ್ಕ್ ಕೌಂಟಿಯ ಮಿಡಲ್ಟನ್‌ನಲ್ಲಿ ತಯಾರಾಗೋದು. ಒಂದು ಕಾಲಕ್ಕೆ ಜಗತ್ತಿಗೆಲ್ಲ ವಿಸ್ಕಿ ಕಳಿಸಿದ ಈ ದೇಶದ ಉದ್ಯಮ, ಅಮೆರಿಕದ ಪಾನನಿಷೇಧ, ಬ್ರಿಟನ್ ಜೊತೆಗಿನ ವ್ಯಾಪಾರದ ಜಗಳ, ಅಗ್ಗದ ಸ್ಕಾಚ್ ಬ್ಲೆಂಡುಗಳ, ಅಂದರೆ ಬೆರಕೆ ವಿಸ್ಕಿಗಳ ಪೈಪೋಟಿ ಎಲ್ಲ ಸೇರಿ ಎಷ್ಟು ಕುಗ್ಗಿತು ಅಂದರೆ, 1966ರಲ್ಲಿ ಜೇಮ್ಸನ್, ಪವರ್ಸ್ ಮತ್ತು ಕಾರ್ಕ್‌ನ ಡಿಸ್ಟಿಲರಿಯವರು ಒಂದೇ ಕಂಪನಿಯಾಗಿ ಸೇರಿಕೊಂಡರು. 1975ರಲ್ಲಿ ಮಿಡಲ್ಟನ್‌ನಲ್ಲಿ ಹೊಸ ಡಿಸ್ಟಿಲರಿ ಶುರುವಾಯಿತು. ಆ ದಶಕದ ಕೊನೆಗೆ ಇಡೀ ದ್ವೀಪದಲ್ಲಿ ಉಳಿದದ್ದು ಎರಡೇ: ದಕ್ಷಿಣದ ತುದಿಯಲ್ಲಿ ಮಿಡಲ್ಟನ್, ಉತ್ತರದ ತುದಿಯಲ್ಲಿ ಬುಶ್‌ಮಿಲ್ಸ್. 1987ರಲ್ಲಿ ಕೂಲಿ ಬಂದಮೇಲೆ ಮೂರಾಯಿತು. ಈಗ 40ಕ್ಕೂ ಜಾಸ್ತಿ ಇವೆ. ಡಬ್ಲಿನ್‌ನ ಬೋ ಸ್ಟ್ರೀಟ್‌ನಲ್ಲಿ ಜೇಮ್ಸನ್ ನೋಡೋಕೆ ಜನ ಸಾಲು ನಿಲ್ಲುತ್ತಾರಲ್ಲ, ಅಲ್ಲಿ ಬಟ್ಟಿ ಇಳಿಸೋದು ನಿಂತು 1971ಕ್ಕೇ ಆಯ್ತು. ಹೋಲಿಸಬೇಕು ಅಂದರೆ ಲೇಬಲ್ ನೋಡಿ ಬಾಟಲಿ ಆರಿಸಬಾರದು, ಎಲ್ಲಿ, ಯಾವುದರಿಂದ, ಯಾವ ಪೀಪಾಯಿಯಲ್ಲಿ ಅಂತ ನೋಡಬೇಕು. ಇದನ್ನು ಕಲಿಯೋಕೆ ನನಗೆ ನಾಲ್ಕು ಸಂಬಳ ಹಿಡಿಯಿತು.

ಮೊದಲ ದಿನದ ಪ್ರಯೋಗ ಪೂರಾ ದಂಡ. ರಾತ್ರಿ ಊಟಕ್ಕೆ ಇಂಗು ಜಾಸ್ತಿ ಹಾಕಿದ ಹುಳಿ ತಿಂದಿದ್ದೆ. ದೇವರ ಮುಂದೆ ಊದುಬತ್ತಿ ಇನ್ನೂ ಉರಿಯುತ್ತಿತ್ತು. ಸುರಿದದ್ದು ಅಗಲ ಬಾಯಿಯ ಗ್ಲಾಸಿಗೆ. ಮೂಗನ್ನು ಪೂರ್ತಿ ಒಳಗೆ ಇಳಿಸಿ ಜೋರಾಗಿ ಎಳೆದೆ, ಕಣ್ಣಲ್ಲಿ ನೀರು ಬಂತು, ಆಮೇಲೆ ಅರ್ಧ ಗಂಟೆ ಯಾವ ವಾಸನೆಯೂ ಹತ್ತಲಿಲ್ಲ. ಬೇರೆಯವರು ಬರೆದ ಟಿಪ್ಪಣಿ ಓದಿಕೊಂಡು ಕ್ರಿಸ್‌ಮಸ್ ಕೇಕು, ಟಾಫಿ, ಮಾರ್ಜಿಪಾನ್ ಅಂತ ಹುಡುಕುತ್ತಾ ಕೂತೆ. ಮಾರ್ಜಿಪಾನ್ ನಾನು ತಿಂದೇ ಇರಲಿಲ್ಲ! ತಿನ್ನದ ತಿಂಡಿಯ ವಾಸನೆ ಮೂಗಿಗೆ ಹೇಗೆ ಗೊತ್ತಾಗಬೇಕು ಹೇಳಿ.

ಆಮೇಲೆ ಪಟ್ಟು ಬದಲಿಸಿದೆ. ಎರಡು ಬಾಟಲಿ ವಾಪಸ್ ಒಳಗಿಟ್ಟು, ಬುಶ್‌ಮಿಲ್ಸ್ 10 ಮತ್ತು ಟೀಲಿಂಗ್ ಸ್ಮಾಲ್ ಬ್ಯಾಚ್ ತಂದೆ. ಹೀಗೆ ಅಂತಿಮ ಪಟ್ಟಿಗೆ ಮೊದಲು ನಾಲ್ಕಾಯಿತು, ಮನಸ್ಸು ತಡೆಯದೆ ರೆಡ್‌ಬ್ರೆಸ್ಟ್ ಮತ್ತೆ ಸೇರಿಸಿ ಐದು: ಜೇಮ್ಸನ್, ಬುಶ್‌ಮಿಲ್ಸ್, ಟೀಲಿಂಗ್, ಗ್ರೀನ್ ಸ್ಪಾಟ್, ರೆಡ್‌ಬ್ರೆಸ್ಟ್. ಕನೆಮಾರಾನ ಬೇಕಂತಲೇ ಹೊರಗಿಟ್ಟೆ. ಹೊಗೆ ಒಮ್ಮೆ ನಾಲಿಗೆಗೆ ಹತ್ತಿತು ಅಂದರೆ ಉಳಿದವೆಲ್ಲ ಅದರ ನೆರಳಲ್ಲೇ ಕಾಣುತ್ತವೆ.

ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಕೂತೆ. ಬೆಳಗ್ಗೆ ಕುಡಿಯೋದಾ ಅಂತ ಬೈಬೇಡಿ, ನಾಲಿಗೆ ಚುರುಕಾಗಿರೋದು ಆಗಲೇ. ಕಾಫಿ ಬೇಡ, ಒಗ್ಗರಣೆ ಬೇಡ, ಪೇಸ್ಟ್ ಹಾಕಿ ಹಲ್ಲುಜ್ಜಿ ಎರಡು ಗಂಟೆಯಾದರೂ ಆಗಿರಬೇಕು. ಟುಲಿಪ್ ಹೂವಿನ ಹಾಗೆ ಕೆಳಗೆ ಉಬ್ಬಿ ಮೇಲೆ ಕಿರಿದಾದ ಐದು ಗ್ಲಾಸು, ತಳಕ್ಕೆ 1ರಿಂದ 5 ಅಂತ ಚೀಟಿ. ಸುರಿದದ್ದು ನನ್ನ ಹೆಂಡತಿ. ಅವಳು ಕುಡಿಯಲ್ಲ, ಹಾಗಾಗಿ ನಂಬಿಕಸ್ಥ ಅಂಪೈರ್. ಯಾವ ನಂಬರಿಗೆ ಯಾವುದು ಅನ್ನೋದು ಅವಳ ಫೋನಿನಲ್ಲಿ. ಅಳತೆಗೆ ಕೆಮ್ಮಿನ ಔಷಧಿಯ ಪ್ಲಾಸ್ಟಿಕ್ ಮುಚ್ಚಳ, ಒಂದೊಂದಕ್ಕೆ 15 ಮಿಲಿ. ಐದು ಸೇರಿದರೂ 75, ನಮ್ಮ ನೈಂಟಿಗಿಂತ ಕಮ್ಮಿ. ಅದನ್ನೂ ಒಂದೂವರೆ ಗಂಟೆ ಎಳೆದೆ. ಆ ದಿನ ಕಾರಿನ ಕೀಲಿ ಮುಟ್ಟಲಿಲ್ಲ, ಅದು ಬೇರೆ ಮಾತು.

ಸುರಿದ ಮೇಲೆ ಹತ್ತು ನಿಮಿಷ ಸುಮ್ನೆ ಬಿಡಬೇಕು. ಮೊದಲು ಏಳುವ ಸ್ಪಿರಿಟ್ಟಿನ ಘಾಟು ಇಳಿಯುತ್ತದೆ. ಮೂಗನ್ನು ಗ್ಲಾಸಿನ ಅಂಚಿಗೆ ತಂದು, ಬಾಯಿ ಸ್ವಲ್ಪ ತೆರೆದು, ಮೆಲ್ಲಗೆ ಉಸಿರು ಎಳೀಬೇಕು. ಬಾಯಿ ತೆರೆದರೆ ಘಾಟು ಅರ್ಧ ಕಮ್ಮಿ ಅನ್ನಿಸುತ್ತದೆ, ಮಾಡಿ ನೋಡಿ. ಮೂಗು ಸೋತಿತು ಅನ್ನಿಸಿದರೆ ನಿಮ್ಮದೇ ಅಂಗಿಯ ತೋಳು ಮೂಸಿ, ಸರಿಹೋಗುತ್ತದೆ. ಬಾಯಿಗೆ ಮೊದಲ ಗುಟುಕು ಲೆಕ್ಕಕ್ಕಿಲ್ಲ, ಅದು ನಾಲಿಗೆಗೆ ಸುದ್ದಿ ಮುಟ್ಟಿಸೋಕೆ. ಎರಡನೇದನ್ನು ಹತ್ತು ಸೆಕೆಂಡು ಬಾಯಲ್ಲಿ ಆಡಿಸಿ ನುಂಗಿ, ಬಾಯಿ ಮುಚ್ಚಿ, ಮೂಗಿನಿಂದ ಉಸಿರು ಬಿಟ್ಟೆ. ಅರ್ಧದಷ್ಟು ರುಚಿ ಅಲ್ಲೇ ಸಿಗೋದು. ಆಮೇಲೆ ಡ್ರಾಪರ್‌ನಲ್ಲಿ ಮೂರು ನಾಲ್ಕು ಹನಿ ನೀರು, ಮತ್ತೆ ಮೊದಲಿಂದ. ನಡುವೆ ನೀರು, ಉಪ್ಪಿಲ್ಲದ ಬಿಸ್ಕತ್ತು.

ಇನ್ನೊಂದು ನಿಯಮ ಮಾಡಿಕೊಂಡೆ: ಬರೆಯೋದು ನನ್ನ ಮೂಗಿಗೆ ಗೊತ್ತಿರುವ ವಾಸನೆಗಳ ಹೆಸರು ಮಾತ್ರ. ಊರಲ್ಲಿ ನಮ್ಮದು ಅಡಿಕೆ ತೋಟ. ಅಡಿಕೆ ಬೇಯಿಸಿದ ಚೊಗರಿನ ವಾಸನೆ, ಆ ಒಗರು ನನಗೆ ಹುಟ್ಟಿದಾಗಿಂದ ಗೊತ್ತು. ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತ ವಿಸ್ಕಿ ನಾಲಿಗೆಯ ಅಂಚನ್ನು ಹಿಡಿಯುತ್ತಲ್ಲ, ಅದು ಇದೇ ಒಗರು. ಅಡಿಕೆಗೆ ಚೊಗರು ಹಾಕಿ ಬಣ್ಣ ಕಟ್ಟಿದ ಹಾಗೆ ವಿಸ್ಕಿಗೂ ಕ್ಯಾರಮೆಲ್ ಹಾಕಿ ಬಣ್ಣ ಕಟ್ಟೋಕೆ ಕಾನೂನು ಬಿಡುತ್ತದೆ. ಅದಕ್ಕೇ ಬಣ್ಣ ನೋಡಿ ವಯಸ್ಸು ಹೇಳೋರನ್ನು ನಾನು ಈಗ ನಂಬಲ್ಲ.

ನಂಬರ್ ಒಂದು: ವೆನಿಲಾ, ಹುರಿದ ಕಡಲೆಬೀಜದ ಸಿಪ್ಪೆ, ತೆಳು, ಬೇಗ ಹೊರಟುಹೋಗುತ್ತದೆ. ಎರಡು: ಜೇನು, ಹಾಲು ಚಾಕೊಲೇಟು, ಬಹಳ ಮೆದು, ಯಾರಿಗೂ ನೋವು ಮಾಡದ ಸ್ವಭಾವ. ಮೂರು: ಇಲ್ಲಿ ನಿಂತೆ. ಮೂಗಿಗೆ ಹಸಿ ಸೇಬು, ಪುದೀನಾ. ಬಾಯಿಗೆ ಹೋದರೆ ಮಾತ್ರ ಬೇರೇನೋ, ಜಿಡ್ಡು ಜಿಡ್ಡಾಗಿ ನಾಲಿಗೆಗೆ ಮೆತ್ತಿಕೊಳ್ಳುತ್ತದೆ, ಹಿಂದೆ ಲವಂಗದ ಕಾರ, ಅದರ ಹಿಂದೆ ಯಾವುದೋ ಹಿಟ್ಟು. ಹೆಸರು ಸಿಗಲಿಲ್ಲ, "ಹಿಟ್ಟು?" ಅಂತ ಬರೆದು ಮುಂದೆ ಹೋದೆ. ನಾಲ್ಕು: ಬಾಳೆಹಣ್ಣಿನ ರಸಾಯನ, ಬೆಲ್ಲದ ಪಾಕ, ಸ್ವಲ್ಪ ಉರಿ. ಐದು: ಒಣದ್ರಾಕ್ಷಿ, ಖರ್ಜೂರ, ಚೊಗರು, ಮತ್ತೆ ಅದೇ ಜಿಡ್ಡು, ಮತ್ತೆ ಅದೇ ಹಿಟ್ಟು.

ಮೂರು ಮತ್ತು ಐದರ ನಡುವೆ ಹೋಗಿಬಂದು ಹೋಗಿಬಂದು ಕೂತಿದ್ದಾಗ, ಹೆಂಡತಿ ಪಾತ್ರೆ ಒರೆಸುತ್ತಾ ಬಂದು ಮೂರನೇ ಗ್ಲಾಸು ಮೂಸಿ, "ಇದೇನು, ಹುರಿಹಿಟ್ಟಿನ ಡಬ್ಬಿ ತೆಗೆದ ಹಾಗಿದೆಯಲ್ಲ" ಅಂದಳು. ಅವಳು ತುಮಕೂರಿನ ಕಡೆಯವಳು, ರಾಗಿ ಹುರಿಹಿಟ್ಟು ತಿಂದು ಬೆಳೆದವಳು. ಒಂದೇ ಮಾತಿಗೆ ನನ್ನ "ಹಿಟ್ಟು?" ಪಕ್ಕದ ಪ್ರಶ್ನೆ ಚಿಹ್ನೆ ಹೊಡೆದು ಹಾಕಿದೆ.

ಕಾರಣ ಏನು ಅಂದರೆ, ಮೂರು ಗ್ರೀನ್ ಸ್ಪಾಟ್, ಐದು ರೆಡ್‌ಬ್ರೆಸ್ಟ್. ಎರಡೂ ಪಾಟ್ ಸ್ಟಿಲ್ ಅನ್ನೋ ಜಾತಿ, ಐರ್ಲೆಂಡಿನದ್ದೇ ಸ್ವಂತ ಜಾತಿ. ಇದನ್ನು ರಾಗಿ ಲೆಕ್ಕದಲ್ಲಿ ಹೇಳಿದರೆ ಸುಲಭ. ರಾಗಿ ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ ಸಿಹಿ ಬರುತ್ತದೆ, ಮಗುವಿಗೆ ಕೊಡುವ ಮಾಲ್ಟು. ಬಾರ್ಲಿಯೂ ಅಷ್ಟೇ, ಮೊಳಕೆ ಬಂದಾಗ ಒಳಗಿನ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಎಚ್ಚರಾಗುತ್ತವೆ. ಬುಶ್‌ಮಿಲ್ಸ್ 10 ಪೂರ್ತಿ ಮೊಳಕೆ ಬಾರ್ಲಿಯದ್ದು. ಪಾಟ್ ಸ್ಟಿಲ್‌ನಲ್ಲಿ ಮೊಳಕೆಯದು 30 ಶೇಕಡಾ ಆದರೂ ಇರಬೇಕು, ಮೊಳಕೆ ಕಟ್ಟದ ಹಸಿ ಬಾರ್ಲಿಯೂ 30 ಶೇಕಡಾ ಆದರೂ ಇರಬೇಕು, ಎರಡನ್ನೂ ಸೇರಿಸಿ ಬೇಯಿಸಿ ತಾಮ್ರದ ಹಂಡೆಯಲ್ಲಿ ಇಳಿಸಬೇಕು. ಆ ಜಿಡ್ಡು, ಆ ಕಾರ, ಆ ಹಿಟ್ಟು ಎಲ್ಲ ಹಸಿ ಬಾರ್ಲಿಯ ಕೊಡುಗೆ. ಈ ಬುದ್ಧಿ ಬಂದದ್ದು ರುಚಿಗೋಸ್ಕರ ಅಲ್ಲ, ತೆರಿಗೆ ತಪ್ಪಿಸೋಕೆ. 1785ರಲ್ಲಿ ಮಾಲ್ಟಿನ ಮೇಲೆ ತೆರಿಗೆ ಬಿತ್ತು, ಇವರು ಮೊಳಕೆ ಕಮ್ಮಿ ಮಾಡಿ ಹಸಿದು ಜಾಸ್ತಿ ಹಾಕಿದರು. ನಮ್ಮ ಊರಿನವರೇ ಇರಬೇಕು ಅನ್ನಿಸಿತು.

ನಾಲ್ಕನೇದು ಟೀಲಿಂಗ್. ರಸಾಯನ, ಬೆಲ್ಲ ಅಂತ ನಾನು ಬರೆದದ್ದು ತಪ್ಪಲ್ಲ, ಕೊನೆಯಲ್ಲಿ ಅದನ್ನು ರಮ್ ಇಟ್ಟಿದ್ದ ಪೀಪಾಯಿಗೆ ಹಾಕ್ತಾರೆ, ರಮ್ ಅಂದರೆ ಕಬ್ಬು. ಉರಿಗೆ ಕಾರಣ 46 ಶೇಕಡಾ ಮದ್ಯಸಾರ, ಉಳಿದ ನಾಲ್ಕೂ 40. ಇಲ್ಲಿ ನನ್ನದೇ ತಪ್ಪಿತ್ತು. ಜಾಸ್ತಿ ಗಟ್ಟಿ ಇರೋದನ್ನು ಕೊನೆಗೆ ಇಡಬೇಕು, ಇಲ್ಲವಾದರೆ ಅದರ ನಂತರದ್ದು ಸಪ್ಪೆ ಅನ್ನಿಸುತ್ತದೆ. ರೆಡ್‌ಬ್ರೆಸ್ಟ್ ಅದರ ಪಕ್ಕದಲ್ಲಿದ್ದೂ ಸಪ್ಪೆ ಅನ್ನಿಸಲಿಲ್ಲ ಅನ್ನೋದು ಅದರ ಹೆಚ್ಚುಗಾರಿಕೆ. ಅದನ್ನು ಇಟ್ಟಿರೋದು ಅಮೆರಿಕದ ಬೂರ್ಬನ್ ವಿಸ್ಕಿ ಇಟ್ಟಿದ್ದ ಪೀಪಾಯಿ ಮತ್ತು ಸ್ಪೇನಿನ ಶೆರ್ರಿ ವೈನ್ ಪೀಪಾಯಿಗಳಲ್ಲಿ, 12 ವರ್ಷ. ಒಣದ್ರಾಕ್ಷಿ ಬಂದದ್ದು ಶೆರ್ರಿಯಿಂದ. ಕಾನೂನು ಕೇಳೋದು ಮೂರೇ ವರ್ಷ. 12 ವರ್ಷ ಇಡೋಕೆ ಈ ತಣ್ಣನೆ ಊರು ಬೇಕು, ಇಲ್ಲಿ ಪೀಪಾಯಿಯಿಂದ ವರ್ಷಕ್ಕೆ ಎರಡು ಶೇಕಡಾದಷ್ಟು ಆವಿಯಾಗುತ್ತದೆ. ನಮ್ಮ ಬೆಂಗಳೂರಿನ ಅಮೃತ್‌ನವರಿಗೆ ಹತ್ತಕ್ಕೂ ಮೇಲೆ ಹೋಗುತ್ತದಂತೆ, ಅಲ್ಲಿ 12 ವರ್ಷ ಕಾದರೆ ಪೀಪಾಯಿ ಬಡಿದರೆ ಟಣ್ ಅನ್ನಬೇಕು.

ಸಂಜೆ ಹೆಂಡತಿಗೆ ಹುಮ್ಮಸ್ಸು ಬಂತು. ಈಗ ನಾನು ಸುರಿಯಬೇಕಂತೆ, ಅವಳು ಮೂಸಬೇಕಂತೆ, ಕುಡಿಯಲ್ಲ. ಗ್ಲಾಸುಗಳನ್ನು ಹಿಂದುಮುಂದು ಮಾಡಿ ಇಟ್ಟೆ. ಅವಳು ಒಂದೊಂದನ್ನೇ ಮೂಸುತ್ತಾ ಎರಡನ್ನು ಎಡಕ್ಕೆ ಸರಿಸಿ "ಇವು ಹುರಿಹಿಟ್ಟು" ಅಂದಳು, ಎರಡನ್ನು ಬಲಕ್ಕೆ ಸರಿಸಿ "ಇವಲ್ಲ" ಅಂದಳು. ಒಂದು ಕೈಯಲ್ಲೇ ಉಳಿಯಿತು. ಮೂಸುತ್ತಾಳೆ, ಕೆಳಗಿಡುತ್ತಾಳೆ, ಮತ್ತೆ ಎತ್ತುತ್ತಾಳೆ. ಕೊನೆಗೆ ಅದನ್ನು ಮಧ್ಯಕ್ಕಿಟ್ಟು, "ಇದರಲ್ಲಿ ಒಂದು ಚಮಚ ಹುರಿಹಿಟ್ಟಿಗೆ ಒಂದು ಲೋಟ ನೀರು ಹಾಕಿದ್ದಾರೆ" ಅಂದಳು.

ತಳದ ಚೀಟಿ ತಿರುಗಿಸಿ ನೋಡಿದೆ. ಎಡಕ್ಕಿದ್ದವು ಗ್ರೀನ್ ಸ್ಪಾಟ್, ರೆಡ್‌ಬ್ರೆಸ್ಟ್. ಬಲಕ್ಕೆ ಬುಶ್‌ಮಿಲ್ಸ್, ಟೀಲಿಂಗ್. ಮಧ್ಯದ್ದು ಜೇಮ್ಸನ್. ಜೇಮ್ಸನ್ ಬ್ಲೆಂಡು, ಪಾಟ್ ಸ್ಟಿಲ್ ವಿಸ್ಕಿಯ ಜೊತೆ ಮೆಕ್ಕೆಜೋಳ, ಗೋಧಿಯಂಥ ಕಾಳಿನಿಂದ ಮಾಡುವ ಹಗುರವಾದ ಗ್ರೇನ್ ವಿಸ್ಕಿ ಬೆರೆಸಿ ಮಾಡಿದ್ದು. ಆ ಹಗುರ ವಿಸ್ಕಿಯನ್ನು ಎಡೆಬಿಡದೆ ಇಳಿಸುವ ಯಂತ್ರಕ್ಕೆ ಪೇಟೆಂಟ್ ತೆಗೆದ ಈನಿಯಸ್ ಕಾಫಿ ಕೂಡ ಡಬ್ಲಿನ್‌ನವನೇ, 1830ರಲ್ಲಿ. ಇಲ್ಲಿನ ದೊಡ್ಡ ಮನೆತನದವರು ಅವನ ಯಂತ್ರವನ್ನು ಮೂಸಿಯೂ ನೋಡಲಿಲ್ಲ, ಸ್ಕಾಚ್‌ನವರು ತೆಗೆದುಕೊಂಡು ಹೋಗಿ ಜಗತ್ತನ್ನೇ ಗೆದ್ದರು.

ಈಗ ಕಪಾಟಿನಲ್ಲಿ ಗ್ರೀನ್ ಸ್ಪಾಟ್ ಖಾಲಿ. ರೆಡ್‌ಬ್ರೆಸ್ಟ್ ಹಬ್ಬಕ್ಕೆ ಅಂತ ಹಿಂದೆ ಬಚ್ಚಿಟ್ಟಿದೆ. ಬುಶ್‌ಮಿಲ್ಸ್ ಅತಿಥಿಗಳಿಗೆ. ಟೀಲಿಂಗ್ ಅರ್ಧ ಉಳಿದಿದೆ, ಚಳಿಗೆ ಪರವಾಗಿಲ್ಲ. ಮುಂದಿನ ಸಲ ಗ್ರೀನ್ ಸ್ಪಾಟ್ ಪಕ್ಕದಲ್ಲಿ 12 ವರ್ಷದ ಯೆಲ್ಲೋ ಸ್ಪಾಟ್ ಇಡಬೇಕು. ಗ್ರೀನ್ ಸ್ಪಾಟ್ ಮಾರುತ್ತಿದ್ದ ಡಬ್ಲಿನ್‌ನ ವೈನ್ ವ್ಯಾಪಾರಿಗಳು, ಮಿಚೆಲ್ ಮನೆತನದವರು, ಪೀಪಾಯಿಗೆ ವಯಸ್ಸಿನ ಗುರುತಾಗಿ ಬಣ್ಣದ ಚುಕ್ಕೆ ಹಚ್ಚುತ್ತಿದ್ದದ್ದೇ ಈ ಹೆಸರಿಗೆ ಮೂಲ. ಅಂಪೈರ್ ಒಪ್ಪಿದ್ದಾಳೆ. ಆದರೆ ಈ ಸಲ ಊರಿಂದ ಬರುವಾಗ ಅತ್ತೆಯ ಹತ್ತಿರ ಒಂದು ಕೇಜಿ ಹುರಿಹಿಟ್ಟು ತರಬೇಕು ಅನ್ನೋದು ಅವಳ ಷರತ್ತು, ಹೋಲಿಸಿ ನೋಡೋಕೆ.